ಗಾಜಿನೊಳಗೆ ಲೇಸರ್ ಬೀಮ್: ಯಾವ ಲೆಕ್ಕಕ್ಕೆ ಯಾವ ಮಾಡೆಲ್?

ಕಡಿಮೆ ಪವರ್ ಇರುವ ಲೇಸರ್ ಬೀಮ್ ಗಾಜಿನೊಳಗೆ ಹೋದರೆ ಲೆಕ್ಕ ಸುಲಭ. ಬೀಮ್ ತನ್ನ ಪಾಡಿಗೆ ತಾನು ನಿಧಾನಕ್ಕೆ ಅಗಲವಾಗುತ್ತಾ ಹೋಗುತ್ತದೆ. ಅದಕ್ಕೆ ಪಠ್ಯಪುಸ್ತಕದಲ್ಲೇ ಸೂತ್ರ ಇದೆ. ಪವರ್ ಏರಿಸಿದರೆ ಮಾತ್ರ ಕಥೆಯೇ ಬೇರೆ. ಬೆಳಕು ದಟ್ಟವಾಗಿರುವ ಕಡೆ ಗಾಜಿನ ವಕ್ರೀಭವನ ಸೂಚ್ಯಂಕ ಒಂಚೂರು ಏರುತ್ತದೆ. ಬೀಮಿನ ನಡುವೆ ಬೆಳಕು ಜಾಸ್ತಿ, ಅಂಚಿನಲ್ಲಿ ಕಡಿಮೆ. ಹಾಗಾಗಿ ಆ ಗಾಜಿನ ತುಂಡೇ ಲೆನ್ಸ್ ಆಗಿ ಬೀಮನ್ನು ಒಳಕ್ಕೆ ಎಳೆಯುತ್ತದೆ. ಎಳೆದಷ್ಟೂ ನಡುವಿನ ಬೆಳಕು ಇನ್ನಷ್ಟು ದಟ್ಟ, ಲೆನ್ಸ್ ಇನ್ನಷ್ಟು ಬಲ. ಇದು ಕೆರ್ ಪರಿಣಾಮದ ಕೆಲಸ.

ಇದನ್ನು ಲೆಕ್ಕ ಹಾಕಲು ಮಾಡೆಲ್‌ಗಳಿಗೆ ಬರವಿಲ್ಲ. ಕೈಲೆಕ್ಕದ ಸೂತ್ರಗಳಿವೆ, ಸಾಮಾನ್ಯ ಅವಕಲ ಸಮೀಕರಣಕ್ಕೆ ಇಳಿಸುವ ವಿಧಾನಗಳಿವೆ, ವಿವರ್ತನೆ ಮತ್ತು ಕೆರ್ ಪರಿಣಾಮ ಎರಡೂ ಇರುವ ಅರೇಖೀಯ ಶ್ರೋಡಿಂಗರ್ ಸಮೀಕರಣವನ್ನು ನೇರವಾಗಿ ಬಿಡಿಸುವ ಕೋಡ್‌ಗಳಿವೆ, ಮ್ಯಾಕ್ಸ್‌ವೆಲ್ ಸಮೀಕರಣಗಳನ್ನೇ ಗ್ರಿಡ್ ಮೇಲೆ ಓಡಿಸುವ ಪ್ಯಾಕೇಜ್‌ಗಳೂ ಇವೆ. ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವವರು, ಪಿಎಚ್.ಡಿ.ಗೆ ಹೊಸದಾಗಿ ಸೇರಿದವರು ಸಾಮಾನ್ಯವಾಗಿ ಲ್ಯಾಬ್‌ನಲ್ಲಿ ಸೀನಿಯರ್ ಬಿಟ್ಟುಹೋದ ಕೋಡ್ ಯಾವುದಿದೆಯೋ ಅದನ್ನೇ ಹಿಡಿಯುತ್ತಾರೆ. ಕೋಡ್ ಓಡುತ್ತದೆ, ಬಣ್ಣದ ಚಿತ್ರ ಬರುತ್ತದೆ. ಆ ಕೋಡ್ ಯಾವ ಪ್ರಶ್ನೆಗೆ ಬರೆದದ್ದು, ನಮ್ಮ ಪ್ರಶ್ನೆ ಯಾವುದು ಅಂತ ಯಾರೂ ಕೇಳುವುದಿಲ್ಲ.

ನನ್ನ ಮಟ್ಟಿಗೆ ಆಯ್ಕೆಯ ಕ್ರಮ ಹೀಗೆ: ಮೊದಲು ಪವರ್, ಆಮೇಲೆ ವಸ್ತು, ಕೊನೆಗೆ ಕೋಡ್. ಪ್ರತಿ ಮಾಡೆಲ್ಲೂ ಒಂದು ಕಡೆ ತಪ್ಪು ಹೇಳುತ್ತದೆ. ಅದು ಎಲ್ಲಿ ಅಂತ ಗೊತ್ತಿದ್ದರೆ ಅಗ್ಗದ ಮಾಡೆಲ್ಲನ್ನೂ ಧೈರ್ಯವಾಗಿ ಬಳಸಬಹುದು.

ಮೊದಲು ಒಂದೇ ಒಂದು ಸಂಖ್ಯೆ

ವಿವರ್ತನೆ ಬೀಮನ್ನು ಹೊರಕ್ಕೆ ಹರಡುತ್ತದೆ, ಕೆರ್ ಪರಿಣಾಮ ಒಳಕ್ಕೆ ಎಳೆಯುತ್ತದೆ. ಎರಡೂ ಸಮಸಮ ಆಗುವ ಪವರ್‌ಗೆ ನಿರ್ಣಾಯಕ ಪವರ್ ಎನ್ನುತ್ತಾರೆ. ಗಾಸಿಯನ್ ಬೀಮಿಗೆ, ಅಂದರೆ ನಡುವಿನಿಂದ ಅಂಚಿಗೆ ಬೆಳಕು ಗಂಟೆಯಾಕಾರದಲ್ಲಿ ಇಳಿಯುವ ಬೀಮಿಗೆ, ಅದರ ಲೆಕ್ಕ ಹೀಗೆ: ತರಂಗಾಂತರದ ವರ್ಗವನ್ನು 0.15ರಿಂದ ಗುಣಿಸಿ, ಆಮೇಲೆ ಸೂಚ್ಯಂಕ ಮತ್ತು ಕೆರ್ ಗುಣಾಂಕದ (ಬೆಳಕಿನ ತೀವ್ರತೆಗೆ ಸೂಚ್ಯಂಕ ಎಷ್ಟು ಏರುತ್ತದೆ ಎಂಬ ಅಳತೆ) ಗುಣಲಬ್ಧದಿಂದ ಭಾಗಿಸಿ. ಬೀಮಿನ ಅಗಲ ಇದರಲ್ಲಿ ಎಲ್ಲೂ ಬರುವುದಿಲ್ಲ, ನೋಡಿ. ಬೀಮ್ ಕಿರಿದಾದರೆ ಬೆಳಕಿನ ತೀವ್ರತೆ ಎಷ್ಟು ಪಟ್ಟು ಏರುತ್ತದೋ ಹರಡುವ ಬಲವೂ ಅಷ್ಟೇ ಪಟ್ಟು ಏರುತ್ತದೆ. ಅದಕ್ಕೇ ಇಲ್ಲಿ ತೀವ್ರತೆಗಿಂತ ಒಟ್ಟು ಪವರ್ ಮುಖ್ಯ. 1964ರಲ್ಲಿ ಚಿಯಾವ್, ಗಾರ್ಮೈರ್ ಮತ್ತು ಟೌನ್ಸ್ ಬರೆದ ಲೇಖನದ ಹುರುಳೂ ಇದೇ.

ಫ್ಯೂಸ್ಡ್ ಸಿಲಿಕಾ ಗಾಜಿನ ಕೆರ್ ಗುಣಾಂಕ ಪ್ರತಿ ವ್ಯಾಟ್‌ಗೆ ಸುಮಾರು 2.7 × 10⁻²⁰ ಚದರ ಮೀಟರ್. 800 ನ್ಯಾನೊಮೀಟರ್ ಬೆಳಕಿಗೆ ಲೆಕ್ಕ ಹಾಕಿದರೆ ನಿರ್ಣಾಯಕ ಪವರ್ ಹತ್ತಿರ ಹತ್ತಿರ 2.5 ಮೆಗಾವ್ಯಾಟ್. ಗಾಳಿಯಲ್ಲಾದರೆ ಇದೇ ಬೆಳಕಿಗೆ ಸುಮಾರು 3 ಗಿಗಾವ್ಯಾಟ್ ಬೇಕು. ಮೆಗಾವ್ಯಾಟ್ ಎಂದರೆ ಬಹಳ ಅನಿಸುತ್ತೆ ಅಲ್ವಾ? ಫೆಮ್ಟೊಸೆಕೆಂಡ್ ಲೇಸರ್‌ಗೆ ಅದೇನೂ ದೊಡ್ಡದಲ್ಲ. 1 ಮೈಕ್ರೊಜೂಲ್ ಶಕ್ತಿಯನ್ನು 100 ಫೆಮ್ಟೊಸೆಕೆಂಡ್ ಪಲ್ಸ್‌ನಲ್ಲಿ ತುಂಬಿದರೆ ಶಿಖರದ ಪವರ್ ಸುಮಾರು 9.4 ಮೆಗಾವ್ಯಾಟ್. ಅಂದರೆ ನಿರ್ಣಾಯಕ ಪವರ್‌ನ ಹೆಚ್ಚೂಕಡಿಮೆ 3.8 ಪಟ್ಟು.

ಈ ಅನುಪಾತವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದು 0.1ಕ್ಕಿಂತ ಕಡಿಮೆ ಇದ್ದರೆ ಕೋಡ್ ಬರೆಯುವ ಶ್ರಮ ಸುಮ್ನೆ ದಂಡ. ರೇಖೀಯ ಸೂತ್ರ ಬಳಸಿ, ಜೊತೆಗೆ ಬೀಮಿನ ನಡುವೆ ಎಷ್ಟು ಹೆಚ್ಚುವರಿ ಫೇಸ್ ಸೇರಿತು ಎಂದು ಒಂದು ಗುಣಾಕಾರ ಮಾಡಿ, ಮುಗಿಯಿತು. 0.1ರಿಂದ 1ರವರೆಗೆ ವೇರಿಯೇಶನಲ್ ವಿಧಾನ ಚೆನ್ನಾಗಿ ಕೆಲಸ ಮಾಡುತ್ತದೆ. 1 ದಾಟಿದ ಮೇಲೆ ಪೂರ್ತಿ ಸಮೀಕರಣ ಬಿಡಿಸುವುದೇ ಒಳ್ಳೆಯದು. ಹತ್ತಾರು ಪಟ್ಟು ದಾಟಿದರೆ ಬೀಮ್ ಒಂದಾಗಿ ಉಳಿಯುವುದಿಲ್ಲ, ಹಲವು ಎಳೆಗಳಾಗಿ ಒಡೆಯುತ್ತದೆ. ಆಗ ಬೇಕಾಗುವ ಕೋಡ್ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಎಚ್ಚರಿಕೆ. ಕೆರ್ ಗುಣಾಂಕವನ್ನು ಕೋಷ್ಟಕದಿಂದ ಎತ್ತಿಕೊಳ್ಳುವಾಗ ಅದನ್ನು ಎಷ್ಟು ಉದ್ದದ ಪಲ್ಸ್‌ನಿಂದ ಅಳೆದಿದ್ದಾರೆ ಎಂದು ನೋಡಿ. ಕಾರ್ಬನ್ ಡೈಸಲ್ಫೈಡ್ ದ್ರವದಲ್ಲಿ ಅಣುಗಳು ಬೆಳಕಿನ ದಿಕ್ಕಿಗೆ ತಿರುಗಿಕೊಳ್ಳುವುದಕ್ಕೆ ಸಮಯ ಬೇಕು. ತೀರಾ ಚಿಕ್ಕ ಫೆಮ್ಟೊಸೆಕೆಂಡ್ ಪಲ್ಸ್‌ಗೆ ಸಿಗುವ ಬೆಲೆಗೂ ಉದ್ದದ ಪಲ್ಸ್‌ಗೆ ಸಿಗುವ ಬೆಲೆಗೂ ಹತ್ತು ಪಟ್ಟಿನ ಆಸುಪಾಸು ವ್ಯತ್ಯಾಸ ಬರುತ್ತದೆ. ನಿರ್ಣಾಯಕ ಪವರ್ರೂ ಅಷ್ಟೇ ಪಟ್ಟು ಆಚೀಚೆ ಆಗುತ್ತದೆ. ಇಲ್ಲಿ ತಪ್ಪಿದರೆ ಮುಂದೆ ಎಂಥ ಕೋಡ್ ಇದ್ದರೂ ಪ್ರಯೋಜನವಿಲ್ಲ.

ವೇರಿಯೇಶನಲ್ ವಿಧಾನವೋ, ಮಾರ್ಬರ್ಗರ್ ಸೂತ್ರವೋ?

ಮೇಲಿನ ಪಲ್ಸನ್ನೇ ತೆಗೆದುಕೊಳ್ಳೋಣ. ಬೀಮಿನ ಸೊಂಟದ, ಅಂದರೆ ಅತಿ ಕಿರಿದಾದ ಜಾಗದ, ತ್ರಿಜ್ಯ 100 ಮೈಕ್ರೊಮೀಟರ್ ಇರಲಿ. ಗಾಜಿನೊಳಗೆ ರೇಲೀ ದೂರ (ಕಡಿಮೆ ಪವರ್‌ನ ಬೀಮ್ ಸೊಂಟದಿಂದ ಹೊರಟು √2 ಪಟ್ಟು ಅಗಲವಾಗುವ ದೂರ) ಸುಮಾರು 5.7 ಸೆಂಟಿಮೀಟರ್. ಪ್ರಶ್ನೆ ಸರಳ: 2.5 ಸೆಂಟಿಮೀಟರ್ ದಪ್ಪದ ಗಾಜಿನ ತುಂಡನ್ನು ಈ ಬೀಮಿಗೆ ಒಡ್ಡಬಹುದೇ, ಅಥವಾ ಬೀಮ್ ಒಳಗೇ ಕುಸಿದು ಚುಕ್ಕೆಯಾಗಿ ಗಾಜನ್ನು ಸುಡುತ್ತದೆಯೇ?

ವೇರಿಯೇಶನಲ್ ವಿಧಾನವನ್ನು ಅರೇಖೀಯ ಪಲ್ಸ್‌ಗಳಿಗೆ ಜನಪ್ರಿಯ ಮಾಡಿದ್ದು ಆಂಡರ್ಸನ್ ಅವರ 1983ರ ಕೆಲಸ. ಬೀಮ್ ಕೊನೆಯವರೆಗೂ ಗಾಸಿಯನ್ ಆಕಾರದಲ್ಲೇ ಇರುತ್ತದೆ, ಅಗಲ ಮತ್ತು ವಕ್ರತೆ ಮಾತ್ರ ಬದಲಾಗುತ್ತವೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇವೆ. ಆಗ ದೊಡ್ಡ ಸಮೀಕರಣ ಹೋಗಿ, ಅಗಲಕ್ಕೆ ಒಂದು ಸಣ್ಣ ಸಮೀಕರಣ ಉಳಿಯುತ್ತದೆ. ಅದನ್ನು ಕೈಯಲ್ಲೇ ಬಿಡಿಸಬಹುದು. ನಿರ್ಣಾಯಕ ಪವರ್ ಎಷ್ಟು ಎಂದು ಕೇಳಿದರೆ ಅದು ಕೊಡುವ ಉತ್ತರ ಶೇ. 5ರ ಆಸುಪಾಸಿನಲ್ಲಿ ಸರಿ. ಒಂದು ಪುಟದ ಲೆಕ್ಕಕ್ಕೆ ಇದಕ್ಕಿಂತ ಇನ್ನೇನು ಬೇಕು?

ಆದರೆ ಎಲ್ಲಿ ಕುಸಿಯುತ್ತದೆ ಎಂದು ಕೇಳಿ ನೋಡಿ. ನಮ್ಮ 3.8 ಪಟ್ಟು ಪವರ್‌ಗೆ ವೇರಿಯೇಶನಲ್ ವಿಧಾನ 3.5 ಸೆಂಟಿಮೀಟರ್ ಎನ್ನುತ್ತದೆ. ಅಂದರೆ 2.5 ಸೆಂಟಿಮೀಟರ್ ಗಾಜಿಗೆ ಏನೂ ಆಗಬಾರದು. ಮಾರ್ಬರ್ಗರ್ 1975ರಲ್ಲಿ ಕೊಟ್ಟ ಸೂತ್ರ ಕಂಪ್ಯೂಟರ್ ಲೆಕ್ಕಗಳಿಗೆ ಹೊಂದಿಸಿದ್ದು. ಪವರ್ ಅನುಪಾತದ ವರ್ಗಮೂಲದಿಂದ 0.852 ಕಳೆಯಿರಿ, ಬಂದದ್ದನ್ನು ವರ್ಗ ಮಾಡಿ 0.0219 ಕಳೆಯಿರಿ, ಅದರ ವರ್ಗಮೂಲ ತೆಗೆಯಿರಿ. ರೇಲೀ ದೂರವನ್ನು 0.367ರಿಂದ ಗುಣಿಸಿ ಇದರಿಂದ ಭಾಗಿಸಿ. ಬರುವ ಉತ್ತರ 1.9 ಸೆಂಟಿಮೀಟರ್. ಗಾಜಿನ ತುಂಡು ಮುಗಿಯುವ ಮೊದಲೇ ಕುಸಿತ! ಪವರ್ 10 ಪಟ್ಟು ಇದ್ದರೆ ಪಟ್ಟಿನ ಲೆಕ್ಕದಲ್ಲಿ ಅಂತರ ಇನ್ನೂ ಹೆಚ್ಚು: ವೇರಿಯೇಶನಲ್ 2 ಸೆಂಟಿಮೀಟರ್ ಹತ್ತಿರ, ಮಾರ್ಬರ್ಗರ್ 0.9.

ಈ ತಪ್ಪು ಎಲ್ಲಿಂದ ಬಂತು? ನಿಜವಾದ ಬೀಮ್ ಗಾಸಿಯನ್ ಆಗಿ ಉಳಿಯುವುದಿಲ್ಲ. ನಡುವಿನ ಭಾಗ ಬೇಗ ಒಳಕ್ಕೆ ಓಡುತ್ತದೆ, ಅಂಚು ಹಿಂದೆ ಉಳಿಯುತ್ತದೆ. ಇಡೀ ಬೀಮಿನ ಸರಾಸರಿ ಅಗಲ ಇನ್ನೂ ದೊಡ್ಡದಾಗಿ ಇರುವಾಗಲೇ ನಡುವೆ ಕುಸಿತ ಮುಗಿದಿರುತ್ತದೆ. 1971ರಲ್ಲಿ ವ್ಲಾಸೋವ್, ಪೆಟ್ರಿಶ್ಚೇವ್, ತಲಾನೋವ್ ಕೊಟ್ಟ ಸರಾಸರಿ ಅಗಲದ ಸೂತ್ರ ಗಣಿತದ ಲೆಕ್ಕದಲ್ಲಿ ಪಕ್ಕಾ. ಗಾಸಿಯನ್ ಬೀಮಿಗೆ ಅದು ಹೇಳುವುದೂ ಇದೇ 3.5 ಸೆಂಟಿಮೀಟರ್. ಸೂತ್ರದಲ್ಲಿ ದೋಷವಿಲ್ಲ. ನಾವು ಕೇಳಿದ್ದು ಗಾಜು ಎಲ್ಲಿ ಸುಡುತ್ತದೆ ಅಂತ, ಅದು ಹೇಳಿದ್ದು ಸರಾಸರಿ ಅಗಲ ಎಲ್ಲಿ ಸೊನ್ನೆಯಾಗುತ್ತದೆ ಅಂತ.

ಹಾಗಾಗಿ ಹೊಸ್ತಿಲ ಪವರ್ ಎಷ್ಟು, ಹತ್ತಾರು ಬೆಲೆಗಳನ್ನು ಬದಲಿಸಿದರೆ ಏನಾಗುತ್ತದೆ, ಎರಡು ಬೀಮ್ ಪಕ್ಕಪಕ್ಕ ಇದ್ದರೆ ಎಳೆದುಕೊಳ್ಳುತ್ತವೆಯೋ ತಳ್ಳಿಕೊಳ್ಳುತ್ತವೆಯೋ ಎಂಬಂಥ ಪ್ರಶ್ನೆಗಳಿಗೆ ವೇರಿಯೇಶನಲ್ ವಿಧಾನ ಆರಿಸಿ. ಗಾಜಿನ ದಪ್ಪ ನಿರ್ಧರಿಸುವುದಕ್ಕೆ ಮಾರ್ಬರ್ಗರ್. ಗಾಜಿನ ಮುಂದೆ ಬೀಮನ್ನು ಕಿರಿದಾಗಿಸುವ ಲೆನ್ಸ್ ಇದ್ದರೆ ಕುಸಿತದ ದೂರದ ವಿಲೋಮಕ್ಕೆ ಫೋಕಲ್ ದೂರದ ವಿಲೋಮ ಕೂಡಿಸಿ. ಬೀಮ್ ಒಂದೇ ಆಯಾಮದಲ್ಲಿ ಹರಡುವ ತೆಳು ಪದರದ ವೇವ್‌ಗೈಡ್ ಆಗಿದ್ದರೆ ಈ ಗಲಾಟೆಯೇ ಇಲ್ಲ. ಅಲ್ಲಿ ಕುಸಿತ ಆಗುವುದಿಲ್ಲ, ಗಟ್ಟಿ ಸಾಲಿಟಾನ್, ಅಂದರೆ ಆಕಾರ ಬದಲಿಸದೆ ಸಾಗುವ ಬೀಮ್, ಸಿಗುತ್ತದೆ. 1972ರಲ್ಲಿ ಝಖರೋವ್ ಮತ್ತು ಶಬಾತ್ ಅದನ್ನು ಪೂರ್ತಿ ಬಿಡಿಸಿ ತೋರಿಸಿದ್ದಾರೆ.

ಕೋಡ್ ಬರೆಯುವುದಾದರೆ

ಇಲ್ಲಿ ಮುಖ್ಯ ಸ್ಪರ್ಧಿಗಳು ಎರಡು. ಒಂದು, ಸ್ಪ್ಲಿಟ್-ಸ್ಟೆಪ್ ಫೂರಿಯೆ ವಿಧಾನ. ಹಾರ್ಡಿನ್ ಮತ್ತು ಟ್ಯಾಪರ್ಟ್ 1973ರಲ್ಲಿ ಬಳಸಿದ್ದು. ಒಂದು ಹೆಜ್ಜೆಯಲ್ಲಿ ವಿವರ್ತನೆ ಮಾತ್ರ, ಅದನ್ನು ಫೂರಿಯೆ ಕಡೆ ಹೋಗಿ ಮಾಡುವುದು. ಮುಂದಿನ ಹೆಜ್ಜೆಯಲ್ಲಿ ಕೆರ್ ಫೇಸ್ ಮಾತ್ರ, ಅದನ್ನು ಬೀಮಿನ ಮೇಲೆಯೇ ಗುಣಿಸುವುದು. ಇನ್ನೊಂದು, ಕ್ರ್ಯಾಂಕ್–ನಿಕೋಲ್ಸನ್ ರೀತಿಯ ವ್ಯತ್ಯಾಸ ವಿಧಾನ, ಸಾಮಾನ್ಯವಾಗಿ ತ್ರಿಜ್ಯದ ಒಂದೇ ಅಕ್ಷದ ಮೇಲೆ.

ನನ್ನ ಓಟು ಮೊದಲು ಸ್ಪ್ಲಿಟ್-ಸ್ಟೆಪ್‌ಗೆ. ಪೈಥಾನ್‌ನಲ್ಲೋ ಮ್ಯಾಟ್‌ಲ್ಯಾಬ್‌ನಲ್ಲೋ ನಲವತ್ತು ಐವತ್ತು ಸಾಲಿಗೆ ಮುಗಿಯುತ್ತದೆ. 512 × 512 ಗ್ರಿಡ್ ಎಂದರೆ 4 ಮೆಗಾಬೈಟ್, ಹಳೇ ಲ್ಯಾಪ್‌ಟಾಪ್ ಸಾಕು. ಆದರೆ ನಮ್ಮ ಉದಾಹರಣೆಯಲ್ಲಿ 1 ಮಿಲಿಮೀಟರ್ ಅಗಲದ ಕಿಟಕಿ ಇಟ್ಟರೆ ಒಂದೊಂದು ಮನೆ 2 ಮೈಕ್ರೊಮೀಟರ್. ಬೀಮ್ 10 ಮೈಕ್ರೊಮೀಟರ್‌ಗೆ ಕುಗ್ಗಿದಾಗ ಅದರ ಮೇಲೆ ಐದೇ ಬಿಂದುಗಳು. ಅಲ್ಲಿಂದ ಮುಂದೆ ಕಾಣುವುದನ್ನು ನಂಬಬೇಡಿ. ತ್ರಿಜ್ಯದ ಕೋಡ್‌ಗೆ ಈ ತೊಂದರೆ ಕಡಿಮೆ, ನಡುವೆ ಬಿಂದುಗಳನ್ನು ದಟ್ಟವಾಗಿ, ಅಂಚಿನಲ್ಲಿ ವಿರಳವಾಗಿ ಇಡಬಹುದು.

ತ್ರಿಜ್ಯದ ಕೋಡ್‌ನ ದೊಡ್ಡ ಕೊರತೆ ಬೇರೆ ಇದೆ. ಪವರ್ ಹತ್ತಾರು ಪಟ್ಟು ಇದ್ದಾಗ ಬೀಮಿನ ಮೇಲಿನ ಸಣ್ಣ ಏರುಪೇರುಗಳೇ ಬೆಳೆದು ಬೇರೆ ಬೇರೆ ಎಳೆಗಳಾಗುತ್ತವೆ. ಬೆಸ್ಪಾಲೋವ್ ಮತ್ತು ತಲಾನೋವ್ 1966ರಲ್ಲೇ ಇದನ್ನು ವಿವರಿಸಿದ್ದರು. ತ್ರಿಜ್ಯದ ಕೋಡ್‌ಗೆ ದುಂಡಗಿನ ಆಕಾರ ಬಿಟ್ಟು ಬೇರೇನೂ ಗೊತ್ತಿಲ್ಲ. ಎಳೆಗಳ ಬದಲು ಅದು ಚಂದದ ಉಂಗುರಗಳನ್ನು ತೋರಿಸುತ್ತದೆ. ಹಾಗಾಗಿ ಪವರ್ ಜಾಸ್ತಿ ಇದ್ದರೆ ಎರಡು ಆಯಾಮದ ಗ್ರಿಡ್ಡೇ ಬೇಕು, ಆರಂಭದ ಬೀಮಿಗೆ ಒಂದಿಷ್ಟು ನಾಯ್ಸ್ ಕೂಡ ಬೆರೆಸಬೇಕು.

ಸ್ಪ್ಲಿಟ್-ಸ್ಟೆಪ್‌ಗೆ ಅದರದೇ ಆದ ಎರಡು ಚಾಳಿಗಳಿವೆ. ಫೂರಿಯೆ ಗ್ರಿಡ್‌ನ ಬಲ ಅಂಚಿನಿಂದ ಹೊರಗೆ ಹೋದ ಬೆಳಕು ಎಡ ಅಂಚಿನಿಂದ ಒಳಗೆ ಬರುತ್ತದೆ, ಪರದೆಯ ಆಟದಲ್ಲಿ ಹಾವು ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ತಲೆಯೆತ್ತುವ ಹಾಗೆ. ಅಂಚಿನಲ್ಲಿ ಬೆಳಕನ್ನು ನಿಧಾನಕ್ಕೆ ಹೀರುವ ಪದರ ಹಾಕಿದರೆ ಸರಿಹೋಗುತ್ತದೆ. ಎರಡನೆಯದು ಹೆಚ್ಚು ಮೋಸದ್ದು. ಒಟ್ಟು ಪವರ್ ಹತ್ತು ದಶಾಂಶ ಸ್ಥಾನದವರೆಗೂ ಬದಲಾಗಿಲ್ಲ, ಹಾಗಾಗಿ ಕೋಡ್ ಸರಿ ಇದೆ ಎಂದು ವರದಿಯಲ್ಲಿ ಬರೆಯುವವರಿದ್ದಾರೆ. ಈ ವಿಧಾನದಲ್ಲಿ ಹೆಜ್ಜೆ ಎಷ್ಟೇ ದೊಡ್ಡದಿದ್ದರೂ, ಉತ್ತರ ಎಷ್ಟೇ ತಪ್ಪಿದ್ದರೂ ಒಟ್ಟು ಪವರ್ ಬದಲಾಗುವುದೇ ಇಲ್ಲ. ಎರಡೂ ಅರ್ಧ ಹೆಜ್ಜೆಗಳ ರಚನೆಯೇ ಹಾಗೆ. ಹೀರುವ ಪದರ ತೆಗೆದು ಪರೀಕ್ಷಿಸುವಾಗ ಹ್ಯಾಮಿಲ್ಟೋನಿಯನ್ ಬೆಲೆ ನೋಡಿ; ಅದು ವಿವರ್ತನೆ ಮತ್ತು ಕೆರ್ ಪಾಲುಗಳನ್ನು ಕೂಡಿಸಿದ, ಸಮೀಕರಣದ ಪ್ರಕಾರ ಬದಲಾಗಬಾರದ ಸಂಖ್ಯೆ. ಅದು ಜಾರುತ್ತಿದ್ದರೆ ಹೆಜ್ಜೆ ದೊಡ್ಡದಾಯಿತು ಎಂದರ್ಥ. ಜೊತೆಗೆ ಹೆಜ್ಜೆಯನ್ನು ಅರ್ಧ ಮಾಡಿ: ಸಮಮಿತಿಯಾಗಿ ಒಡೆದಿದ್ದರೆ ದೋಷ ನಾಲ್ಕನೇ ಒಂದಕ್ಕೆ ಇಳಿಯಬೇಕು. ಇಳಿಯದಿದ್ದರೆ ಎಲ್ಲೋ ಬಗ್ ಇದೆ.

ಹೆಜ್ಜೆಯ ಉದ್ದಕ್ಕೆ ಒಂದು ಅಂದಾಜು: ಒಂದು ಹೆಜ್ಜೆಯಲ್ಲಿ ಸೇರುವ ಕೆರ್ ಫೇಸ್ 0.01 ರೇಡಿಯನ್ ಮೀರದಿರಲಿ. ನಮ್ಮ ಉದಾಹರಣೆಯಲ್ಲಿ ಶುರುವಿನಲ್ಲಿ ಅದು ಸುಮಾರು 80 ಮೈಕ್ರೊಮೀಟರ್. ಬೀಮ್ ಕುಗ್ಗಿದಂತೆ ಹೆಜ್ಜೆಯೂ ತಾನಾಗಿ ಕುಗ್ಗುವ ಹಾಗೆ ಬರೆಯಿರಿ.

ಸಮಯವನ್ನೂ ಸೇರಿಸಬೇಕೇ?

ಇದಕ್ಕೂ ಒಂದು ಅನುಪಾತ ಸಾಕು. 800 ನ್ಯಾನೊಮೀಟರ್‌ನಲ್ಲಿ ಸಿಲಿಕಾ ಪಲ್ಸನ್ನು ಉದ್ದ ಮಾಡುವ ಪ್ರಮಾಣ ಪ್ರತಿ ಮಿಲಿಮೀಟರ್‌ಗೆ ಸುಮಾರು 36 ಚದರ ಫೆಮ್ಟೊಸೆಕೆಂಡ್. 100 ಫೆಮ್ಟೊಸೆಕೆಂಡ್ ಪಲ್ಸ್‌ಗೆ ಪ್ರಸರಣದ ದೂರ (ಪಲ್ಸ್ ಎದ್ದು ಕಾಣುವಷ್ಟು ಉದ್ದವಾಗಲು ಬೇಕಾದ ದೂರ) ಸುಮಾರು 10 ಸೆಂಟಿಮೀಟರ್ ಬರುತ್ತದೆ, ಕುಸಿತದ ದೂರಕ್ಕಿಂತ ಎಷ್ಟೋ ಹೆಚ್ಚು. ಹಾಗಾಗಿ ಕುಸಿತದ ಹತ್ತಿರ ಹೋಗುವವರೆಗೆ ಸಮಯ ಬಿಟ್ಟ ಮಾಡೆಲ್ ನಡೆಯುತ್ತದೆ. 30 ಫೆಮ್ಟೊಸೆಕೆಂಡ್ ಪಲ್ಸ್‌ಗೆ ಆ ದೂರ 9 ಮಿಲಿಮೀಟರ್‌ಗೆ ಇಳಿಯುತ್ತದೆ. ಅಲ್ಲಿ ಸಮಯದ ಅಕ್ಷ ಕೈಬಿಟ್ಟರೆ ಲೆಕ್ಕವೇ ಬೇರೆಯಾಗುತ್ತದೆ.

ಕುಸಿತದ ಆಚೆ ಏನಾಗುತ್ತದೆ ಎಂಬುದೇ ನಿಮ್ಮ ಪ್ರಶ್ನೆಯಾದರೆ ಬರೀ ಕೆರ್ ಮಾಡೆಲ್‌ನಲ್ಲಿ ಉತ್ತರವಿಲ್ಲ. ಅದರ ಪ್ರಕಾರ ತೀವ್ರತೆ ಅನಂತಕ್ಕೆ ಹೋಗುತ್ತದೆ. ಸಿಲಿಕಾದಲ್ಲಿ ಆರು ಫೋಟಾನ್‌ಗಳು ಒಟ್ಟಿಗೆ ಸೇರಿ ಸುಮಾರು 9 ಎಲೆಕ್ಟ್ರಾನ್‌ವೋಲ್ಟ್ ಅಂತರ ದಾಟಿಸಿ ಎಲೆಕ್ಟ್ರಾನ್‌ಗಳನ್ನು ಬಿಡಿಸುತ್ತವೆ, ಆ ಪ್ಲಾಸ್ಮಾ ಬೀಮನ್ನು ಹೊರಕ್ಕೆ ತಳ್ಳುತ್ತದೆ. ಇದನ್ನೆಲ್ಲ ಸೇರಿಸಲು ಕೊಲೆಸಿಕ್ ಮತ್ತು ಮೊಲೋನಿ ಅವರ ಏಕದಿಕ್ಕಿನ ಪಲ್ಸ್ ಸಮೀಕರಣ ಒಳ್ಳೆಯ ಆಯ್ಕೆ. ಖರ್ಚು ನೋಡಿಕೊಳ್ಳಿ: 256 × 256 × 1024 ಗ್ರಿಡ್‌ನ ಒಂದೇ ಪ್ರತಿಗೆ 1 ಗಿಗಾಬೈಟ್ ಬೇಕು. ತ್ರಿಜ್ಯದ ಆವೃತ್ತಿಯಲ್ಲಾದರೆ 500 × 1024ಕ್ಕೆ 8 ಮೆಗಾಬೈಟ್. ಪವರ್ ಅನುಪಾತ 3.8 ಇರುವ ನಮ್ಮಂಥ ಕೇಸಿಗೆ ತ್ರಿಜ್ಯದ್ದೇ ಸಾಕು.

ಮ್ಯಾಕ್ಸ್‌ವೆಲ್ ಸಮೀಕರಣಗಳನ್ನೇ ಓಡಿಸೋಣ, ಅದಕ್ಕೆ ಮೀಪ್ ಎಂಬ ಪ್ಯಾಕೇಜ್ ಫ್ರೀ ಸಿಗುತ್ತೆ ಅಂತ ಅನಿಸಬಹುದು. ಗಾಜಿನೊಳಗಿನ ಒಂದು ತರಂಗಾಂತರಕ್ಕೆ 20 ಬಿಂದು ಇಟ್ಟರೆ 0.4 ಮಿಲಿಮೀಟರ್ ಚದರ, 1 ಸೆಂಟಿಮೀಟರ್ ಉದ್ದಕ್ಕೆ 7 × 10¹³ಕ್ಕೂ ಹೆಚ್ಚು ಮನೆಗಳು. ಮೆಮೊರಿ ಸಾವಿರಾರು ಟೆರಾಬೈಟ್. ಕೆಲವೇ ಮೈಕ್ರೊಮೀಟರ್ ಗಾತ್ರದ ರಚನೆ ಇದ್ದರೆ, ಬೆಳಕು ಹಿಂದಕ್ಕೂ ಪ್ರತಿಫಲಿಸುತ್ತಿದ್ದರೆ ಮಾತ್ರ ಆ ದಾರಿ.

ವಸ್ತು ಕೆರ್ ರೀತಿಯದ್ದಲ್ಲದಿದ್ದರೆ

ಸ್ಟ್ರಾನ್ಷಿಯಂ ಬೇರಿಯಂ ನಯೋಬೇಟ್‌ನಂಥ ಫೋಟೊರಿಫ್ರ್ಯಾಕ್ಟಿವ್ (ಬೆಳಕು ಬಿದ್ದಾಗ ಒಳಗಿನ ವಿದ್ಯುದಾವೇಶ ಸರಿದು ಸೂಚ್ಯಂಕ ಬದಲಾಗುವ) ಹರಳುಗಳಲ್ಲಿ ಮೈಕ್ರೊವ್ಯಾಟ್ ಪವರ್‌ಗೇ ಸಾಲಿಟಾನ್ ಸಿಗುತ್ತದೆ. ಅಲ್ಲಿ ಮುಖ್ಯವಾದದ್ದು ಬೀಮಿನ ತೀವ್ರತೆಗೂ ಹಿನ್ನೆಲೆಯ ಬೆಳಕಿಗೂ ಇರುವ ಅನುಪಾತ. ಸೂಚ್ಯಂಕ ಒಂದು ಮಟ್ಟ ಮುಟ್ಟಿ ನಿಲ್ಲುತ್ತದೆ, ಹಾಗಾಗಿ ಕುಸಿತವಿಲ್ಲ. ಇದಕ್ಕೆ ಸ್ಯಾಚುರೇಶನ್ ಸೂತ್ರವನ್ನೇ ಹಾಕಿ. ಸುಲಭ ಎಂದು ಕೆರ್ ಪದಕ್ಕೆ ಒಂದು ಋಣ ಐದನೇ ಘಾತದ ಪದ ಅಂಟಿಸುವವರಿದ್ದಾರೆ. ತೀವ್ರತೆ ಏರಿದರೆ ಆ ಬಹುಪದ ಸಮತಟ್ಟಾಗುವ ಬದಲು ಕೆಳಕ್ಕೆ ಬೀಳುತ್ತದೆ. ಹರಳು ಮಾಡದ ಕೆಲಸವನ್ನು ಕೋಡ್ ಮಾಡಿಬಿಡುತ್ತದೆ.

ಹೆಚ್ಚು ಕುತೂಹಲದ್ದು ನೆಮಾಟಿಕ್ ದ್ರವಸ್ಫಟಿಕ, ಅಂದರೆ ದ್ರವದಂತೆ ಹರಿದರೂ ಅಣುಗಳು ಒಂದೇ ದಿಕ್ಕಿಗೆ ಮುಖಮಾಡಿರುವ ವಸ್ತು. ದ್ರವಸ್ಫಟಿಕ ಎಂದರೆ ನಮ್ಮವರಿಗೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ನೆನಪಾಗುತ್ತದೆ. ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗುತ್ತವೆ ಎಂದು 1977ರಲ್ಲಿ ಎಸ್. ಚಂದ್ರಶೇಖರ್ ತಂಡ ತೋರಿಸಿದ್ದು ಅಲ್ಲೇ. ಬೀಮ್ ಪ್ರಯೋಗಗಳಲ್ಲಿ ಬಳಸುವುದು ಕಡ್ಡಿಯಾಕಾರದ ಅಣುಗಳದ್ದು. ಕೆಲವು ಮಿಲಿವ್ಯಾಟ್ ಬೆಳಕು ಅಣುಗಳನ್ನು ತಿರುಗಿಸುತ್ತದೆ. ತಿರುಗಿದ ಅಣು ಪಕ್ಕದ್ದನ್ನೂ ಎಳೆಯುವುದರಿಂದ ಬೀಮ್ ಇಲ್ಲದ ಕಡೆಯೂ ಸೂಚ್ಯಂಕ ಬದಲಾಗುತ್ತದೆ. ಬೀಮ್ ಕೆಲವೇ ಮೈಕ್ರೊಮೀಟರ್, ಅದರ ಪ್ರಭಾವ ಮಾತ್ರ 100 ಮೈಕ್ರೊಮೀಟರ್ ದಪ್ಪದ ಸೆಲ್‌ನ ಗೋಡೆಯವರೆಗೆ.

ಇಲ್ಲಿ ಮೂರು ಮಾಡೆಲ್‌ಗಳು ಚಾಲ್ತಿಯಲ್ಲಿವೆ. ಸ್ನೈಡರ್ ಮತ್ತು ಮಿಚೆಲ್ 1997ರಲ್ಲಿ ಕೊಟ್ಟದ್ದರಲ್ಲಿ ಸೂಚ್ಯಂಕವನ್ನು ನೇರ ಪ್ಯಾರಾಬೋಲಾ ಎಂದುಕೊಳ್ಳುತ್ತಾರೆ, ಆಗ ಎಲ್ಲವೂ ಹಾರ್ಮೋನಿಕ್ ಆಸಿಲೇಟರ್. ಬೀಮ್ ಯಾಕೆ ಉಸಿರಾಡುತ್ತದೆ, ಅಂದರೆ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತದೆ ಎಂದು ಪಾಠ ಹೇಳಲು ಇದಕ್ಕಿಂತ ಚೆನ್ನಾದದ್ದಿಲ್ಲ. ಅಗಲದ ಅಂಕಿ ಮಾತ್ರ ಪ್ರಯೋಗಕ್ಕೆ ಹೋಲಿಸಬೇಡಿ. ಎರಡನೆಯದು ಪ್ರಭಾವದ ಹರಡುವಿಕೆಯೂ ಗಾಸಿಯನ್ ಎನ್ನುವ ಮಾಡೆಲ್. ಪೇಪರ್‌ಗಳಲ್ಲಿ ಬಹಳ ಕಾಣುತ್ತದೆ, ಏಕೆಂದರೆ ಇಂಟಿಗ್ರಲ್‌ಗಳನ್ನು ಸಲೀಸಾಗಿ ಬಿಡಿಸಬಹುದು. ಆದರೆ ದ್ರವಸ್ಫಟಿಕದ ಸಮೀಕರಣದಿಂದ ಬರುವ ಹರಡುವಿಕೆಗೆ ನಡುವೆ ಲಾಗರಿದಮ್ ರೀತಿಯ ಚೂಪು ಶಿಖರವಿದೆ. ಗಾಸಿಯನ್ ಆ ಶಿಖರವನ್ನು ಉಜ್ಜಿ ನುಣುಪು ಮಾಡಿಬಿಡುತ್ತದೆ.

ಮೂರನೆಯದು ಬೀಮಿನ ಸಮೀಕರಣದ ಜೊತೆಗೆ ಅಣುಗಳ ಕೋನದ ಸಮೀಕರಣವನ್ನೂ ಪ್ರತಿ ಹೆಜ್ಜೆಯಲ್ಲಿ ಬಿಡಿಸುವುದು. ಪ್ರಯೋಗದ ಅಂಕಿಗೆ ಹೋಲಿಸುವುದಿದ್ದರೆ ಇದನ್ನೇ ಆರಿಸಿ. ಖರ್ಚು ಅಂದುಕೊಂಡಷ್ಟಿಲ್ಲ. ಬೀಮಿನ ಭಾಗಕ್ಕೆ ಫೂರಿಯೆ ನಡೆಯುತ್ತದೆ. ಕೋನದ ಭಾಗಕ್ಕೆ ಅದೇ ಫೂರಿಯೆ ಹಾಕಬೇಡಿ, ಯಾಕೆಂದರೆ ಗಾಜಿನ ಪ್ಲೇಟ್‌ಗೆ ಅಂಟಿದ ಅಣುಗಳು ಕದಲುವುದಿಲ್ಲ, ಅಲ್ಲಿ ಕೋನದ ಬದಲಾವಣೆ ಸೊನ್ನೆ ಇರಲೇಬೇಕು. ಪ್ಲೇಟ್‌ಗಳ ನಡುವಿನ ದಿಕ್ಕಿಗೆ ಸೈನ್ ಟ್ರಾನ್ಸ್‌ಫಾರ್ಮ್ ಬಳಸಿ, ಆ ಗಡಿಯ ನಿಯಮ ತಾನಾಗಿಯೇ ಕೂರುತ್ತದೆ.